ಗಾಜಿನ ಮನೆಯ ಹಿರಿಯ

ನಾಯಿಗೆ ಮುಪ್ಪಡಸಿದರೆ ಮೂತಿ ನರೆಯುತ್ತದೆ. ಎತ್ತಿನ ವಯಸ್ಸನ್ನು ಅದರ ಹಲ್ಲು ನೋಡಿ ಹೇಳಬಹುದು. ಆದರೆ ಮೀನಿಗೂ ಮುಪ್ಪುಂಟೆ? ಗಾಜಿನ ತೊಟ್ಟಿಯ ಬಣ್ಣದ ಮೀನು ಒಂದು ಬೆಳಗ್ಗೆ ಸತ್ತು ತೇಲಿದಾಗ, “ಅದರ ಆಯುಸ್ಸು ಅಷ್ಟೇ ಇತ್ತು” ಎಂದು ಹಿರಿಯರು ಮಕ್ಕಳ ಕಣ್ಣೀರು ಒರೆಸುವುದುಂಟು. ಸಂತೈಸುವ ಮಾತೇನೋ ಹೌದು. ಆದರೆ ಬಹುಮಟ್ಟಿಗೆ ನಿಜವಲ್ಲ. ಮನೆಯ ತೊಟ್ಟಿಯಲ್ಲಿ ಮುಪ್ಪನ್ನು ಕಂಡು ಸಾಯುವ ಮೀನುಗಳು ವಿರಳ. ಹೆಚ್ಚಿನವು ಮುಪ್ಪಿಗೆ ಬಹಳ ಮೊದಲೇ ಕೆಟ್ಟ ನೀರಿಗೆ ಬಲಿಯಾಗುತ್ತವೆ.

ಮೀನು ಎಷ್ಟು ಕಾಲ ಬಾಳಬಲ್ಲುದೆಂಬುದಕ್ಕೆ ಚಿಕಾಗೋ ನಗರದ ಶೆಡ್ ಮತ್ಸ್ಯಾಗಾರದ ‘ಗ್ರಾಂಡ್‌ಡ್ಯಾಡ್’ ಒಂದು ಸೋಜಿಗದ ನಿದರ್ಶನ. ‘ಅಜ್ಜ’ನೆಂದೇ ಹೆಸರಾದ ಇದು, ಕಿವಿರುಗಳ ಜೊತೆಗೆ ಶ್ವಾಸಕೋಶವನ್ನೂ ಪಡೆದ ಆಸ್ಟ್ರೇಲಿಯದ ಮೀನು. 1933ರಲ್ಲಿ, ಚಿಕಾಗೋದ ಜಾಗತಿಕ ವಸ್ತುಪ್ರದರ್ಶನದ ಸಮಯಕ್ಕೆ ಸಿಡ್ನಿಯಿಂದ ಹಡಗು ಹತ್ತಿ, ರೈಲಿನಲ್ಲಿ ಪಯಣಿಸಿ ಅಲ್ಲಿಗೆ ಬಂದಿತು. ಬರುವಾಗಲೇ ಬೆಳೆದ ಮೀನು. ಮುಂದೆ ಎಂಬತ್ತಮೂರು ವರ್ಷಗಳಿಗೂ ಹೆಚ್ಚು ಕಾಲ ಅದು ಅಲ್ಲಿಯೇ, ನೀರಿನಡಿಯ ಮರದ ದಿಮ್ಮಿಯಂತೆ ನಿಶ್ಚಲವಾಗಿ ಬಾಳಿತು. ಹತ್ತು ಕೋಟಿಗೂ ಮಿಕ್ಕಿದ ಪ್ರೇಕ್ಷಕರು ಅದನ್ನು ಕಂಡರು. ಅಜ್ಜನ ಕೈಹಿಡಿದು ಬಂದು ನೋಡಿದ ಮಗು, ತಾನೇ ಅಜ್ಜನಾಗಿ ಮೊಮ್ಮಗುವನ್ನು ಕರೆತಂದಾಗಲೂ ಮೀನು ಅದೇ ಆಗಿತ್ತು!

2017ರ ಆರಂಭದಲ್ಲಿ ಅದು ಆಹಾರದಲ್ಲಿ ಆಸಕ್ತಿ ಕಳೆದುಕೊಂಡಿತು. ಒಳ ಅಂಗಗಳು ಸೋಲುತ್ತಿರುವ ಲಕ್ಷಣಗಳು ತೋರಿದವು. ಪಾಲಕರ ಮುಂದೆ ಇದ್ದ ಪ್ರಶ್ನೆ ಕಠಿನವಾದುದು: ಕಾಯುವುದೇ, ನೋವಿನಿಂದ ಬಿಡಿಸುವುದೇ? ಫೆಬ್ರವರಿ 5ರಂದು ಅದಕ್ಕೆ ಸುಖಮರಣವನ್ನು ಕರುಣಿಸಲಾಯಿತು. ಆಗ ಅದರ ವಯಸ್ಸು ತೊಂಬತ್ತನ್ನು ದಾಟಿತ್ತೆಂದು ಅಂದಾಜು.

ಇದೇ ಕುಲದ ‘ಮೆಥೂಸೆಲಾ’ 1938ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಸ್ಟೈನ್‌ಹಾರ್ಟ್ ಮತ್ಸ್ಯಾಗಾರ ಸೇರಿದುದು. ಅದರ ಈಜುರೆಕ್ಕೆಯ ಚೂರೊಂದರ ಡಿಎನ್‌ಎ ಪರೀಕ್ಷಿಸಿದ ವಿಜ್ಞಾನಿಗಳು, ವಯಸ್ಸು ಸುಮಾರು 92 ಇರಬೇಕೆಂದು 2023ರಲ್ಲಿ ತಿಳಿಸಿದರು. ಬಹುಪಾಲು ಮೀನುಗಳ ಕಿವಿಯೊಳಗಣ ಪುಟ್ಟ ಕಲ್ಲಿನಲ್ಲಿ ಮರದ ಕಾಂಡದಲ್ಲಿರುವಂತೆ ಬಳೆಗಳು ಮೂಡುತ್ತವೆ. ಆದರೆ ಅವನ್ನೆಣಿಸಲು ಮೀನು ಸತ್ತಿರಬೇಕು. ಈ ಹೊಸ ವಿಧಾನಕ್ಕೆ ಪ್ರಾಣ ತೆಗೆಯುವ ಅಗತ್ಯವಿಲ್ಲ.

ಇವು ದೊಡ್ಡ ಸಂಸ್ಥೆಗಳ ಮಾತಾಯಿತು. ಸಾಮಾನ್ಯ ಸಂಸಾರದ ಕಥೆ ಇಂಗ್ಲೆಂಡಿನ ‘ಟಿಷ್’ ಎಂಬ ಹೊಂಬಣ್ಣದ ಮೀನಿನದು. 1956ರಲ್ಲಿ ಜಾತ್ರೆಯೊಂದರ ಆಟದಲ್ಲಿ ಬಾಲಕನೊಬ್ಬ ಬಹುಮಾನವಾಗಿ ಗೆದ್ದ ಈ ಮೀನು, ಬಣ್ಣ ಮಾಸಿ ಬೆಳ್ಳಿಯಂತಾಗಿ, 43 ವರ್ಷ ಬದುಕಿ 1999ರಲ್ಲಿ ಮಡಿಯಿತು. ಹುಡುಗ ಬೆಳೆದು ಮನೆ ಬಿಟ್ಟ ಮೇಲೂ ತಂದೆತಾಯಿಗಳು ಅದನ್ನು ಸಾಕಿದ್ದರು.

ಹಾಗಾದರೆ ನಮ್ಮ ಮನೆಗಳ ಮೀನು ಏಕೆ ಬೇಗ ಸಾಯುತ್ತದೆ? ಮೀನಿನ ಕಿವಿರಿನಿಂದಲೂ ಉಳಿದ ಆಹಾರದಿಂದಲೂ ಅಮೋನಿಯವೆಂಬ ವಿಷ ನೀರಿಗೆ ಸೇರುತ್ತದೆ. ಅದನ್ನು ಸೌಮ್ಯವಾಗಿಸುವ ಸೂಕ್ಷ್ಮಜೀವಿಗಳು ಹೊಸ ತೊಟ್ಟಿಯಲ್ಲಿ ನೆಲೆಸಲು ಕೆಲವು ವಾರಗಳು ಬೇಕು. ಹಣ್ಣಿನ ಬಟ್ಟಲಿನಷ್ಟು ನೀರಿನಲ್ಲಿ ಮೀನು ಬಿಟ್ಟು, ಮಕ್ಕಳು ಸಂತೋಷಕ್ಕೆಂದು ಹೊತ್ತು ಹೊತ್ತಿಗೆ ಕಾಳು ಚೆಲ್ಲಿದರೆ ವಿಷ ಏರುವುದಷ್ಟೆ. ನೀರು ಕೊಳೆಯಾಯಿತೆಂದು ಪೂರ್ತಿ ಚೆಲ್ಲಿ ನಲ್ಲಿಯ ನೀರು ತುಂಬುವುದೂ ತಪ್ಪು. ಅದರ ಕ್ಲೋರಿನ್ ಉಪಕಾರಿ ಜೀವಿಗಳನ್ನೇ ಕೊಲ್ಲುತ್ತದೆ. ವಿಶಾಲವಾದ ತೊಟ್ಟಿ, ಮಿತವಾದ ಆಹಾರ, ವಾರಕ್ಕೊಮ್ಮೆ ಸ್ವಲ್ಪ ಭಾಗ ಮಾತ್ರ ನೀರಿನ ಬದಲಾವಣೆ, ಇಷ್ಟಿದ್ದರೆ ಹೊಂಬಣ್ಣದ ಮೀನು ಹತ್ತು ಹದಿನೈದು ವರ್ಷ ಬಾಳುವುದು ಅಸಾಧ್ಯವೇನಲ್ಲ. ಗಪ್ಪಿಯ ಆಯುಸ್ಸು ಮಾತ್ರ ಸ್ವಭಾವತಃ ಎರಡು ಮೂರು ವರ್ಷ.

ಮುಪ್ಪು ಮೆಲ್ಲನೆ ಬರುತ್ತದೆ. ಬಣ್ಣ ಮಾಸುತ್ತದೆ, ಬೆನ್ನು ಬಾಗುತ್ತದೆ, ಕಣ್ಣು ಮಂಜಾಗುತ್ತದೆ. ಮೀನು ತಳದಲ್ಲಿ ಹೆಚ್ಚು ಹೊತ್ತು ವಿಶ್ರಮಿಸುತ್ತದೆ. ಒಂದೇ ದಿನ ಹಲವು ಮೀನುಗಳು ಸತ್ತರೆ ಅದು ಮುಪ್ಪಲ್ಲ, ನೀರಿನ ದೋಷ. ಮುದಿ ಮೀನಿಗೆ ಹೊಸ ಮದ್ದಿಗಿಂತ ನೆಮ್ಮದಿ ಮೇಲು: ನೀರಿನ ರಭಸವನ್ನು ತಗ್ಗಿಸಿ, ಪೀಡಿಸುವ ಜೊತೆಗಾರರನ್ನು ಬೇರೆ ಮಾಡಿ, ಮೆತ್ತನೆಯ ಆಹಾರವನ್ನು ಬಾಯಿಯ ಬಳಿಗೇ ಬರುವಂತೆ ಕೊಡಬೇಕು. ನರಳುವ ಮೀನನ್ನು ಜೀವಂತವಾಗಿ ಚರಂಡಿಗೆ ಚೆಲ್ಲುವುದು ಕ್ರೌರ್ಯ. ಪಶುವೈದ್ಯರು ಅರಿವಳಿಕೆಯಿಂದ ಅದರ ನೋವನ್ನು ಮುಗಿಸಬಲ್ಲರು.

ಹಿರಿಯ ಮೀನು ಹೋದ ಮೇಲೆ ತೊಟ್ಟಿ ಬೇಡವೆನಿಸಿ, ಉಳಿದವನ್ನು ಹೊಳೆಗೋ ಕೆರೆಗೋ ಬಿಡುವವರಿದ್ದಾರೆ. ಬಂಡಳ್ಳಿ, ಹನೂರು, ಕೊಳ್ಳೇಗಾಲಗಳ ಮನೆಗಳಲ್ಲಿ ಮೀನು ಸಾಕುವವರು ಈ ಮಾತನ್ನು ವಿಶೇಷವಾಗಿ ನೆನಪಿಡಬೇಕು. ಆ ಸೀಮೆಯನ್ನು ಬಳಸಿ ಹರಿಯುವ ಕಾವೇರಿಯೂ ಅದರ ಉಪನದಿಗಳೂ ಗೂನುಬೆನ್ನಿನ ಮಹಶೀರ್ ಮೀನಿಗೆ ಲೋಕದಲ್ಲಿರುವ ಏಕೈಕ ತವರು. ಹೊರಗಿನಿಂದ ತಂದು ಬಿಟ್ಟ ಬೇರೊಂದು ಜಾತಿಯ ಮಹಶೀರ್ ಅದರ ಎಡೆಯನ್ನು ಆಕ್ರಮಿಸಿದೆ. 2018ರಲ್ಲಿ ಅದನ್ನು ಅಳಿವಿಗೆ ಅತಿ ಸಮೀಪವಾದ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು. ಕರುಣೆಯಿಂದ ಬಿಟ್ಟ ಮೀನೇ ಹೊಳೆಯ ಮೂಲನಿವಾಸಿಗಳಿಗೆ ಮೃತ್ಯುವಾಗಬಹುದು. ಉಳಿದವನ್ನು ಸಾಕುವ ಮನಸ್ಸುಳ್ಳ ಇನ್ನೊಂದು ಮನೆಗೆ ಕೊಡುವುದೇ ಲೇಸು.

ಸತ್ತ ಮೀನನ್ನು ಹಿತ್ತಲಿನ ಗಿಡದ ಬುಡದಲ್ಲಿ ಹೂಳಿ, ಅಳುವ ಮಗುವಿಗೆ “ಇನ್ನೊಂದು ತಂದುಕೊಡೋಣ” ಎನ್ನುವ ಮೊದಲು ಸ್ವಲ್ಪ ತಡೆದರೆ ಒಳ್ಳೆಯದು. ಹತ್ತು ವರ್ಷ ಸಾಕಿದ ಜೀವಕ್ಕೆ ಮರುದಿನವೇ ಬದಲಿ ಸಿಗುವುದಿಲ್ಲ. ಅದು ಮುಪ್ಪಿನಿಂದಲೇ ಸತ್ತಿತೆಂದಾದರೆ, ಅಷ್ಟು ಕಾಲ ಅದರ ನೀರನ್ನು ಯಾರೋ ತಪ್ಪದೆ ನೋಡಿಕೊಂಡರೆಂದೇ ಅರ್ಥ. ಮಗುವಿಗೆ ಆ ಮಾತನ್ನು ಹೇಳಬಹುದು. ಅದು ಸಂತೈಸುವ ಮಾತೂ ಹೌದು, ನಿಜವೂ ಹೌದು.