ಸೂಕ್ಷ್ಮದರ್ಶಕದ ಮುಂದೆ ಕೃತಕ ಬುದ್ಧಿಮತ್ತೆ: ದೆಹಲಿ ಐಐಟಿಯ ಒಂದು ಪರೀಕ್ಷೆ

ಚಾಣಕ್ಯಪುರಿಯ ಕೌಟಿಲ್ಯ ಮಾರ್ಗದಲ್ಲಿರುವ ಕರ್ನಾಟಕ ಭವನಕ್ಕೆ ಊರಿನಿಂದ ಬಂದಿಳಿಯುವವರಲ್ಲಿ ಮಕ್ಕಳನ್ನು ಇಂಜಿನಿಯರಿಂಗ್ ವ್ಯಾಸಂಗಕ್ಕೆ ಸೇರಿಸಲು ಬಂದ ತಂದೆತಾಯಿಯರೂ ಇರುತ್ತಾರೆ. ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರಾದ ನಮ್ಮನ್ನು ಅವರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲ, ಮೆಟೀರಿಯಲ್ಸ್ ಸಿಗುತ್ತದೆ ಅಂತಾರೆ. ಸೇರಿಸಬಹುದಾ ಸಾರ್?" ಈಚೆಗೆ ಇದರ ಜೊತೆಗೆ ಮತ್ತೊಂದು ಆತಂಕವೂ ಸೇರಿಕೊಂಡಿದೆ. ಪ್ರಯೋಗಾಲಯದ ಕೆಲಸವನ್ನೂ ಕೃತಕ ಬುದ್ಧಿಮತ್ತೆಯೇ ವಹಿಸಿಕೊಂಡರೆ, ವರ್ಷಗಟ್ಟಲೆ ಓದಿ ಹೊರಬರುವ ಹುಡುಗ ಹುಡುಗಿಯರಿಗೆ ಉಳಿಯುವ ಕೆಲಸವಾದರೂ ಏನು?

ಈ ಆತಂಕಕ್ಕೆ ನೇರವಾಗಿ ಸಂಬಂಧಿಸಿದ ಸಂಶೋಧನೆಯೊಂದು ಚಾಣಕ್ಯಪುರಿಯಿಂದ ದಕ್ಷಿಣಕ್ಕೆ ಕೆಲವೇ ಕಿಲೋಮೀಟರುಗಳ ದೂರದಲ್ಲಿ, ಹೌಜ್ ಖಾಸ್‌ನಲ್ಲಿರುವ ದೆಹಲಿ ಐಐಟಿಯಲ್ಲಿ ನಡೆದಿದೆ. 2025ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಈ ಸಂಶೋಧನೆಯನ್ನು ಸಿವಿಲ್ ಇಂಜಿನಿಯರಿಂಗ್ ವಿಭಾಗದ ಪ್ರಾಧ್ಯಾಪಕ ಅನೂಪ್ ಕೃಷ್ಣನ್, ವಸ್ತುವಿಜ್ಞಾನ ವಿಭಾಗದ ಪ್ರಾಧ್ಯಾಪಕ ನಿತ್ಯಾನಂದ ಗೋಸ್ವಾಮಿ, ಸಂಶೋಧನಾ ವಿದ್ಯಾರ್ಥಿ ಇಂದ್ರಜಿತ್ ಮಂಡಲ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿದ್ದಾರೆ. ಡೆನ್ಮಾರ್ಕ್ ಹಾಗೂ ಜರ್ಮನಿಯ ವಿಜ್ಞಾನಿಗಳೂ ಅವರೊಡನೆ ಕೈಜೋಡಿಸಿದ್ದಾರೆ. ಚಾಣಕ್ಯಪುರಿಯವರಿಗೆ ಜರ್ಮನಿ ಎಂದರೆ ಶಾಂತಿಪಥದ ರಾಯಭಾರ ಕಚೇರಿ, ವೀಸಾದ ಚಿಂತೆ. ಇಂತಹ ಸಹಯೋಗಗಳು ಸುದ್ದಿಯಾಗುವುದು ಅಪರೂಪ.

ಸಂಶೋಧನೆಯ ಸ್ವರೂಪವನ್ನು ತಿಳಿಯಬೇಕಾದರೆ ಮೊದಲು ಉಪಕರಣವನ್ನು ಅರಿಯಬೇಕು. ಅದರ ಹೆಸರು ಪರಮಾಣು ಬಲ ಸೂಕ್ಷ್ಮದರ್ಶಕ. 1986ರಲ್ಲಿ ಬಿನ್ನಿಗ್, ಕ್ವೇಟ್ ಮತ್ತು ಗರ್ಬರ್ ಎಂಬ ಮೂವರು ವಿಜ್ಞಾನಿಗಳು ರೂಪಿಸಿದ ಈ ಯಂತ್ರಕ್ಕೆ ಸೂಕ್ಷ್ಮದರ್ಶಕವೆಂಬ ಹೆಸರಿದ್ದರೂ, ಅದು ವಾಸ್ತವವಾಗಿ ನೋಡುವುದಿಲ್ಲ, ಸವರುತ್ತದೆ. ರೇಷ್ಮೆ ಸೀರೆಯ ಅಂಗಡಿಯಲ್ಲಿ ನಮ್ಮ ತಾಯಂದಿರು ಕಣ್ಣನ್ನು ನಂಬದೆ ಬೆರಳ ತುದಿಯಿಂದ ಸೆರಗನ್ನು ಸವರಿ ನೇಯ್ಗೆಯ ಗುಣವನ್ನು ಹೇಳುತ್ತಿದ್ದರಲ್ಲವೇ? ಇದೂ ಹಾಗೆಯೇ. ತೆಳುವಾದ ಪಟ್ಟಿಯೊಂದರ ತುದಿಯಲ್ಲಿ ಅತಿ ಚೂಪಾದ ಮೊನೆಯಿರುತ್ತದೆ. ಆ ಮೊನೆಯ ಅಗಲ ಕೆಲವು ನ್ಯಾನೋಮೀಟರುಗಳು ಮಾತ್ರ. ನಮ್ಮ ತಲೆಗೂದಲಿನ ದಪ್ಪವಾದರೋ ಹತ್ತಾರು ಸಾವಿರ ನ್ಯಾನೋಮೀಟರು. ಮೊನೆಯು ಗಾಜಿನ ಅಥವಾ ಲೋಹದ ಮೇಲ್ಮೈಯಲ್ಲಿ ಸಾಗುವಾಗ ಅಲ್ಲಿನ ಏರುತಗ್ಗುಗಳಿಗೆ ತಕ್ಕಂತೆ ಪಟ್ಟಿ ಬಾಗುತ್ತದೆ. ಪಟ್ಟಿಯ ಬೆನ್ನಿಗೆ ಬಿದ್ದು ಪ್ರತಿಫಲಿಸುವ ಲೇಸರ್ ಕಿರಣ ಆ ಬಾಗುವಿಕೆಯನ್ನು ಅಳೆಯುತ್ತದೆ. ಹೀಗೆ ಸಾಲು ಸಾಲಾಗಿ ಸವರಿದ ಬಳಿಕ ಮೇಲ್ಮೈಯ ನಕ್ಷೆಯೊಂದು ಸಿದ್ಧವಾಗುತ್ತದೆ.

ಕೇಳಲು ಇದು ಸುಲಭ, ಆದರೆ ಮಾಡುವುದು ಕಷ್ಟ. ಮೊನೆಯನ್ನು ಎಷ್ಟು ಒತ್ತಬೇಕು, ಎಷ್ಟು ವೇಗದಲ್ಲಿ ಓಡಿಸಬೇಕು, ತಗ್ಗು ಬಂದಾಗ ಯಂತ್ರ ಎಷ್ಟು ಚುರುಕಾಗಿ ಸ್ಪಂದಿಸಬೇಕು ಎಂಬ ಹಲವು ಅಳತೆಗಳನ್ನು ಪ್ರತಿ ಮಾದರಿಗೂ ಹೊಸದಾಗಿ ಹೊಂದಿಸಬೇಕು. ಸ್ಪಂದನ ಕಡಿಮೆಯಾದರೆ ಚಿತ್ರ ಮಸುಕಾಗುತ್ತದೆ. ಹೆಚ್ಚಾದರೆ ಮೊನೆ ನಡುಗಿ ಇಲ್ಲದ ಅಲೆಗಳು ಚಿತ್ರದಲ್ಲಿ ಮೂಡುತ್ತವೆ. ತುಸು ಜೋರಾಗಿ ಇಳಿಸಿದರೆ ಮೊನೆಯೇ ಮುರಿಯುತ್ತದೆ. ಹೊಸ ವಿದ್ಯಾರ್ಥಿಗಳು ಇದನ್ನು ಹಿರಿಯರ ಪಕ್ಕದಲ್ಲಿ ಕುಳಿತು, ಮೊನೆಗಳನ್ನು ಹಾಳುಮಾಡಿಯೇ ಕಲಿಯುತ್ತಾರೆ.

ದೆಹಲಿಯ ತಂಡ ಈ ಕೆಲಸವನ್ನು ಚಾಟ್‌ಜಿಪಿಟಿಯಂತಹ ಭಾಷಾ ಮಾದರಿಗಳಿಗೆ ಒಪ್ಪಿಸಿ ನೋಡಿತು. ಇದಕ್ಕಾಗಿ ರೂಪಿಸಿದ ವ್ಯವಸ್ಥೆಯ ಹೆಸರು 'ಐಲಾ'. ಸಂಶೋಧಕರು ತಮಗೆ ಬೇಕಾದುದನ್ನು ಸಾಮಾನ್ಯ ಇಂಗ್ಲಿಷಿನಲ್ಲಿ ಬರೆದರೆ, ಐಲಾ ಅದನ್ನು ಹಂತಗಳಾಗಿ ವಿಂಗಡಿಸುತ್ತದೆ. ಅದರೊಳಗೆ ಒಬ್ಬ ಯಜಮಾನ, ಇಬ್ಬರು ಸಹಾಯಕರು ಇದ್ದಾರೆ ಎಂದು ಭಾವಿಸಬಹುದು. ಒಬ್ಬ ಸಹಾಯಕ ಉಪಕರಣದ ಕೈಪಿಡಿಯನ್ನು ಓದಿ, ಕಂಪ್ಯೂಟರ್ ಆಜ್ಞೆಗಳನ್ನು ಬರೆದು ಸೂಕ್ಷ್ಮದರ್ಶಕವನ್ನು ನಡೆಸುತ್ತಾನೆ. ಇನ್ನೊಬ್ಬ ದೊರೆತ ಚಿತ್ರವನ್ನು ವಿಶ್ಲೇಷಿಸುತ್ತಾನೆ. ಉತ್ತಮ ಚಿತ್ರಕ್ಕಾಗಿ ಅಳತೆಗಳನ್ನು ಹೊಂದಿಸಲು ಹಿಂದೆ ಇಡೀ ದಿನ ಹಿಡಿಯುತ್ತಿದ್ದ ಕೆಲಸ ಈಗ 7ರಿಂದ 10 ನಿಮಿಷಗಳಲ್ಲಿ ಮುಗಿಯುತ್ತದೆ ಎಂದು ತಂಡ ತಿಳಿಸಿದೆ. ಗ್ರಾಫೀನ್ ಎಂಬ ಇಂಗಾಲದ ಹಾಳೆಯ ಪದರಗಳನ್ನು ಎಣಿಸುವಂತಹ ಪ್ರಯೋಗಗಳನ್ನೂ ಅದರಿಂದ ಮಾಡಿಸಲಾಗಿದೆ.

ಸುದ್ದಿಯಾಗಿ ಬಂದದ್ದು ಹೆಚ್ಚಾಗಿ ಈ ಭಾಗ. ನಮ್ಮ ಅಭಿಪ್ರಾಯದಲ್ಲಿ ಲೇಖನದ ಹೆಚ್ಚು ಬೆಲೆಯುಳ್ಳ ಭಾಗ ಇದಲ್ಲ. ಸಂಶೋಧಕರು ತಾವೇ ಕಟ್ಟಿದ ವ್ಯವಸ್ಥೆಯನ್ನು ನೂರು ಕೆಲಸಗಳ ಒಂದು ಪರೀಕ್ಷೆಗೆ ಒಡ್ಡಿದರು. ಜಿಪಿಟಿ-4ಒ, ಜಿಪಿಟಿ-3.5, ಕ್ಲಾಡ್ 3.5 ಸಾನೆಟ್, ಲಾಮಾ 3.3 ಎಂಬ ನಾಲ್ಕು ಮಾದರಿಗಳನ್ನು ಸರದಿಯಂತೆ ಕೂರಿಸಿ ನೋಡಿದರು. ಕೆಲವೊಮ್ಮೆ ತೀರ ಮೊದಲ ಪಾಠದ ಕೆಲಸಗಳಲ್ಲಿಯೇ ಮಾದರಿಗಳು ಎಡವಿದವು. ವಸ್ತುವಿಜ್ಞಾನದ ಪ್ರಶ್ನೋತ್ತರಗಳಲ್ಲಿ ಉತ್ತಮ ಅಂಕ ಪಡೆಯುವ ಕ್ಲಾಡ್ ಮಾದರಿ ಉಪಕರಣದ ಮುಂದೆ ನಿರೀಕ್ಷೆಗಿಂತ ಬಹಳ ಹಿಂದೆ ಬಿತ್ತು. ಪ್ರಶ್ನೆಯ ಮಾತುಗಳನ್ನು ಸ್ವಲ್ಪ ಬದಲಿಸಿದರೂ ಫಲಿತಾಂಶ ಸಾಕಷ್ಟು ಬದಲಾಗುತ್ತಿತ್ತು. ಇಡೀ ಕೆಲಸವನ್ನು ಒಂದೇ ಮಾದರಿ ಒಂಟಿಯಾಗಿ ಹೊರುವುದಕ್ಕಿಂತ ಸಹಾಯಕರು ಹಂಚಿಕೊಂಡರೆ ಫಲಿತಾಂಶ ಮೇಲು ಎಂಬುದೂ ತಿಳಿಯಿತು.

ಎಲ್ಲಕ್ಕಿಂತ ಎಚ್ಚರ ಮೂಡಿಸುವಂತಹುದು ಮತ್ತೊಂದಿದೆ. ಹೇಳಿದ ಕೆಲಸದ ಎಲ್ಲೆಯನ್ನು ಮೀರಿ ಮಾದರಿಗಳು ಕೆಲವೊಮ್ಮೆ ತಾವಾಗಿಯೇ ಮುಂದುವರಿದವು. ಸಂಶೋಧಕರು ಇದನ್ನು 'ನಿದ್ದೆಯಲ್ಲಿ ನಡೆಯುವಿಕೆ' ಎಂಬ ಅರ್ಥದ ಮಾತಿನಿಂದ ಕರೆದಿದ್ದಾರೆ. ಮನೆಯ ಕಂಪ್ಯೂಟರಿನಲ್ಲಿ ಹರಟೆಯ ನಡುವೆ ಹೀಗಾದರೆ ನಕ್ಕು ಬಿಡಬಹುದು. ಆದರೆ ಯಂತ್ರದ ಮೊನೆ, ಬಿಸಿ ಕುಲುಮೆ, ವಿಷಾನಿಲದ ಸಿಲಿಂಡರು ಅದರ ಅಂಕೆಯಲ್ಲಿರುವಾಗ ಹೀಗಾದರೆ ಹೊಣೆ ಯಾರದು? ಮನುಷ್ಯರಿಲ್ಲದೆ ನಡೆಯುವ ಪ್ರಯೋಗಾಲಯಗಳನ್ನು ಕಟ್ಟಲು ಹಲವು ದೇಶಗಳು ಮುಂದಾಗಿರುವ ಈ ಹೊತ್ತಿನಲ್ಲಿ ಈ ಪ್ರಶ್ನೆಯನ್ನು ಬದಿಗಿಡಲಾಗದು. ತಮ್ಮ ಯಶಸ್ಸಿನ ಲೇಖನದಲ್ಲಿಯೇ ಇದನ್ನು ಮುಚ್ಚಿಡದೆ ಬರೆದ ತಂಡದ ಪ್ರಾಮಾಣಿಕತೆಯನ್ನು ನಾವು ಮೆಚ್ಚುತ್ತೇವೆ.

ದೆಹಲಿಯಲ್ಲಿ ಕೃತಕ ಬುದ್ಧಿಮತ್ತೆ ವಸ್ತುವಿಜ್ಞಾನದ ಊಳಿಗಕ್ಕೆ ನಿಂತಿದ್ದರೆ, ನಮ್ಮ ಬೆಂಗಳೂರಿನಲ್ಲಿ ಅದರ ತಿರುಗುಮುರುಗು ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀತೋಷ್ ಗೋಸ್ವಾಮಿ, ನವಕಾಂತ ಭಟ್ ಮೊದಲಾದವರು 2024ರ ಸೆಪ್ಟೆಂಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆ ಇದು. ಇಂದಿನ ಕಂಪ್ಯೂಟರುಗಳಲ್ಲಿ ನೆನಪಿನ ಉಗ್ರಾಣ ಒಂದೆಡೆ, ಲೆಕ್ಕ ಮಾಡುವ ಜಾಗ ಇನ್ನೊಂದೆಡೆ. ಇವೆರಡರ ನಡುವಿನ ಓಡಾಟಕ್ಕೇ ಸಾಕಷ್ಟು ವಿದ್ಯುತ್ತು ಮತ್ತು ಸಮಯ ಖರ್ಚಾಗುತ್ತದೆ. ಬೆಂಗಳೂರಿನವರು ಅಣುಗಳ ತೆಳು ಪೊರೆಯೊಂದರಲ್ಲಿ ಎರಡೂ ಕೆಲಸ ಒಂದೆಡೆ ನಡೆಯುವಂತೆ ಮಾಡಿದ್ದಾರೆ. ಸಾಮಾನ್ಯ ಕಂಪ್ಯೂಟರಿನ ಒಂದು ಘಟಕಕ್ಕೆ ಸೊನ್ನೆ ಮತ್ತು ಒಂದು ಎಂಬ ಎರಡೇ ಸ್ಥಿತಿಗಳಾದರೆ ಈ ಪೊರೆಗೆ 16,500 ಸ್ಥಿತಿಗಳು. ಜೇಮ್ಸ್ ವೆಬ್ ದೂರದರ್ಶಕದ ದತ್ತಾಂಶದಿಂದ ಪ್ರಸಿದ್ಧ ನಕ್ಷತ್ರಲೋಕದ ಚಿತ್ರವನ್ನು ಮೇಜಿನ ಮೇಲಿನ ಕಂಪ್ಯೂಟರಿನಲ್ಲಿಯೇ ಮರುರೂಪಿಸಿ ಅವರು ತೋರಿಸಿದರು. ಕೃತಕ ಬುದ್ಧಿಮತ್ತೆಯ ವಿದ್ಯುತ್ ದಾಹವನ್ನು ತಣಿಸುವ ದಾರಿಯೂ ಕೊನೆಗೆ ಹೊಸ ವಸ್ತುಗಳ ಮೂಲಕವೇ ಹಾದುಹೋಗಬೇಕೇನೋ.

ಹಾಗಾಗಿ ಕರ್ನಾಟಕ ಭವನದಲ್ಲಿ ಕೇಳುವವರಿಗೆ ಮೆಟೀರಿಯಲ್ಸ್ ಸಿಕ್ಕಿದರೆ ಹಿಂಜರಿಯಬೇಡಿ ಎಂದು ಹೇಳಲು ನಮಗೆ ಈಗ ಕಾರಣವಿದೆ. ಆದರೆ ಕಾಲೇಜು ಆಯ್ದುಕೊಳ್ಳುವಾಗ ವೇತನದ ಅಂಕಿಅಂಶಕ್ಕಿಂತ ಮೊದಲು ಇನ್ನೊಂದನ್ನು ವಿಚಾರಿಸಿ: ವಿದ್ಯಾರ್ಥಿಗಳು ಉಪಕರಣಗಳನ್ನು ತಾವೇ ಮುಟ್ಟಿ ನಡೆಸಲು ಬಿಡುತ್ತಾರೆಯೇ, ಅಥವಾ ಗಾಜಿನ ಆಚೆಯಿಂದ ತೋರಿಸಿ ಕಳಿಸುತ್ತಾರೆಯೇ? ಯಂತ್ರ ಕೊಟ್ಟ ಚಿತ್ರದ ಅಲೆ ವಸ್ತುವಿನದೋ ಮೊನೆಯ ನಡುಕದ್ದೋ ಎಂದು ಹೇಳಬಲ್ಲವರು ಪ್ರತಿ ಪ್ರಯೋಗಾಲಯಕ್ಕೂ ಬೇಕು, ಐಲಾ ಇದ್ದರೂ ಬೇಕು. ಪರೀಕ್ಷೆಗೆ ಕುಳಿತ ನಾಲ್ಕು ಮಾದರಿಗಳ ಜಾಗಕ್ಕೆ ಈಗಾಗಲೇ ಹೊಸವು ಬಂದಿವೆ. ದೆಹಲಿಯ ತಂಡವಾದರೋ ತನ್ನ ಪ್ರಶ್ನೆಗಳನ್ನೂ ಕ್ರಮವಿಧಿಗಳನ್ನೂ ಎಲ್ಲರಿಗೂ ಮುಕ್ತವಾಗಿ ದೊರೆಯುವಂತೆ ಇರಿಸಿದೆ. ಆಸಕ್ತಿಯುಳ್ಳ ವಿದ್ಯಾರ್ಥಿಗಳು ಅವನ್ನು ತೆರೆದು, ನೂರು ಕೆಲಸಗಳಲ್ಲಿ ತಮಗೆ ಎಷ್ಟು ಬರುತ್ತವೆ ಎಂದು ತಾವೂ ನೋಡಿಕೊಳ್ಳಬಹುದು.