ಹಳೆಯ ರೂಟರ್‌ನಿಂದ ಕಚೇರಿಯ ವೈ-ಫೈ ವಿಸ್ತರಣೆ

ಕಚೇರಿಯ ಒಂದು ತುದಿಯಲ್ಲಿ ಪ್ರಬಲವಾಗಿರುವ ವೈ-ಫೈ ಸಂಕೇತ ಎರಡು ಗೋಡೆ ದಾಟುವಷ್ಟರಲ್ಲಿ ಕ್ಷೀಣಿಸುವುದುಂಟು. ಇದಕ್ಕೆ ಹೊಸ ಉಪಕರಣವನ್ನೇ ಕೊಳ್ಳಬೇಕೆಂದಿಲ್ಲ; ಕಪಾಟಿನಲ್ಲಿ ದೂಳು ಹಿಡಿದಿರುವ ಹಳೆಯ ರೂಟರ್ ಸಾಕಾದೀತು.

ಮೊದಲು ಅದನ್ನು ಕಂಪ್ಯೂಟರಿಗೆ ಜೋಡಿಸಿ ಐಪಿ ವಿಳಾಸವನ್ನು ಬದಲಿಸಬೇಕು. ಮುಖ್ಯ ರೂಟರಿನದು 192.168.1.1 ಆಗಿದ್ದು, 192.168.1.2 ಬೇರಾವ ಉಪಕರಣಕ್ಕೂ ಹಂಚಿಕೆಯಾಗದಿದ್ದರೆ ಅದನ್ನೇ ನೀಡಬಹುದು. ಬಳಿಕ ಹಳೆಯ ರೂಟರಿನ ಡಿಎಚ್‌ಸಿಪಿ ಸೌಲಭ್ಯವನ್ನು ನಿಷ್ಕ್ರಿಯಗೊಳಿಸುವುದು ಕಡ್ಡಾಯ. ಎಡವುವುದು ಇಲ್ಲಿಯೇ. ಒಂದೇ ಜಾಲದಲ್ಲಿ ಎರಡು ರೂಟರುಗಳು ವಿಳಾಸ ಹಂಚತೊಡಗಿದರೆ, ಕೆಲವು ಕಂಪ್ಯೂಟರುಗಳು ಹೊರದಾರಿಯೇ ಇಲ್ಲದ ಹಳೆಯ ರೂಟರನ್ನು ಹೆಬ್ಬಾಗಿಲೆಂದು ಭಾವಿಸಿ ಅಂತರಜಾಲದಿಂದ ಕಡಿದುಹೋಗುತ್ತವೆ. ಕೆಲಸದ ವೇಳೆಯಲ್ಲಿ ಇದು ಸಣ್ಣ ತೊಂದರೆಯಲ್ಲ.

ಅನಂತರ ಎರಡೂ ರೂಟರುಗಳ ಲ್ಯಾನ್ ಕಿಂಡಿಗಳನ್ನು ಕೇಬಲಿನಿಂದ ಬೆಸೆಯಬೇಕು. ವ್ಯಾನ್ ಕಿಂಡಿಯನ್ನು ಮುಟ್ಟುವ ಅಗತ್ಯವಿಲ್ಲ. ಕೇಬಲಿನ ಉದ್ದ 100 ಮೀಟರ್ ಮೀರಬಾರದು. ಜಾಲದ ಹೆಸರು, ಗುಪ್ತಪದ ಎರಡರಲ್ಲೂ ಒಂದೇ ಇರಲಿ, 2.4 ಗಿಗಾಹರ್ಟ್ಸ್ ತರಂಗದಲ್ಲಿ ಒಂದಕ್ಕೆ ಚಾನೆಲ್ 1, ಇನ್ನೊಂದಕ್ಕೆ 6 ಅಥವಾ 11 ಸೂಕ್ತ. ಕೇಬಲ್ ಇಲ್ಲದೆ ರಿಪೀಟರ್ ಆಗಿಯೂ ಕೆಲವನ್ನು ಬಳಸಬಹುದು, ಆದರೆ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ.

ವೆಪ್ ಭದ್ರತೆಯನ್ನು ಮಾತ್ರ ಬಲ್ಲ ತೀರಾ ಹಳೆಯ ರೂಟರನ್ನು ಬಳಸದಿರುವುದೇ ಲೇಸು. ಆ ಬೀಗವನ್ನು ಒಂದು ನಿಮಿಷದೊಳಗೆ ಮುರಿಯಬಹುದೆಂದು ಜರ್ಮನಿಯ ಡಾರ್ಮ್‌ಸ್ಟಾಡ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲೇ ತೋರಿಸಿದ್ದರು. ಕಚೇರಿಯ ಲೆಕ್ಕಪತ್ರಗಳಿರುವ ಜಾಲಕ್ಕೆ ಬೀದಿಯಲ್ಲಿ ನಿಂತವರೂ ಆಗ ನುಸುಳಬಲ್ಲರು.