ಅವನ ಸಿಗರೇಟು ಬೇರೆ, ನಿಮ್ಮ ಸಿಗರೇಟು ಬೇರೆ

ಸಿಗರೇಟು ಬಿಡ್ತೀನಿ ಅಂತ ಬಾಯಿಬಿಟ್ಟ ಕೂಡಲೇ ಎರಡು ಥರದ ಮಾತು ಕೇಳಿಸುತ್ತೆ. ಒಂದು: ‘ನಾನು ಒಂದೇ ದಿನಕ್ಕೆ ಬಿಟ್ಟೆ ಮಾರಾಯ, ಮನಸ್ಸು ಮಾಡಬೇಕು ಅಷ್ಟೆ.’ ಇನ್ನೊಂದು: ‘ಸುಮ್ನಿರು ಗುರೂ, ನಾನೂ ನಾಲ್ಕು ಸಲ ಬಿಟ್ಟಿದ್ದೀನಿ, ಆಗೋ ಮಾತಲ್ಲ.’ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಹೇಳುತ್ತಿರುವುದು ಅವರವರ ಕಥೆ, ಅಷ್ಟೆ.

ತೊಂದರೆ ಶುರುವಾಗುವುದು ಆ ಕಥೆಯನ್ನು ನಾವು ನಮ್ಮದು ಮಾಡಿಕೊಂಡಾಗ. ಗೆಳೆಯ ಯಾವ ಔಷಧಿಯೂ ಇಲ್ಲದೆ ಬಿಟ್ಟ ಅಂತ ನೀವೂ ಹಾಗೇ ಬಿಡುತ್ತೀರಿ. ಮೂರನೇ ದಿನ ತಲೆ ಕೆಟ್ಟು, ಕಾಂಡಿಮೆಂಟ್ಸ್ ಅಂಗಡಿ ಮುಂದೆ ದಾರಕ್ಕೆ ಕಟ್ಟಿದ ಲೈಟರ್ ಕೈಯಲ್ಲಿ ಹಿಡಿದು ನಿಂತಿರುತ್ತೀರಿ. ಆಮೇಲೆ ನಿಮಗೆ ನೀವೇ ಒಂದು ಬಿರುದು ಕೊಟ್ಟುಕೊಳ್ಳುತ್ತೀರಿ: ‘ನನಗೆ ಮನೋಬಲ ಇಲ್ಲ.’ ಎಷ್ಟೋ ಜನ ಮತ್ತೆ ಪ್ರಯತ್ನ ಮಾಡದೇ ಇರುವುದು ಈ ಒಂದು ಬಿರುದಿನಿಂದಾಗಿ. ಹಾಗಾಗಿ ಬಿಟ್ಟಾಗ ಬರುವ ಆ ಹಪಾಹಪಿ, ಉತ್ತರ ಕರ್ನಾಟಕದ ಕಡೆಯವರು ‘ತಲಬು’ ಅನ್ನುತ್ತಾರಲ್ಲ ಅದು, ಒಬ್ಬರಿಂದ ಒಬ್ಬರಿಗೆ ಯಾಕೆ ಬೇರೆ ಅನ್ನುವುದನ್ನು ತಿಳಿದುಕೊಂಡರೆ ಅರ್ಧ ಕೆಲಸ ಹಗುರ.

ನಿಕೋಟಿನ್ ಒಂದೇ, ಕರಗುವ ವೇಗ ಬೇರೆ

ಒಂದು ದಮ್ಮು ಎಳೆದರೆ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತೆ. ಅದನ್ನು ಒಡೆದು ಹೊರಹಾಕುವ ಕೆಲಸ ಮುಖ್ಯವಾಗಿ ಲಿವರ್‌ನದು. ಸರಾಸರಿ ಲೆಕ್ಕದಲ್ಲಿ ಸುಮಾರು 2 ಗಂಟೆಯಲ್ಲಿ ರಕ್ತದಲ್ಲಿರುವ ನಿಕೋಟಿನ್ ಅರ್ಧಕ್ಕೆ ಇಳಿಯುತ್ತೆ. ಆದರೆ ಈ ಸರಾಸರಿಯ ಹಿಂದೆ ದೊಡ್ಡ ವ್ಯತ್ಯಾಸ ಅಡಗಿದೆ. ನಿಕೋಟಿನ್ ಅನ್ನು ಒಡೆಯುವ ಪ್ರಮುಖ ಕಿಣ್ವದ ಹೆಸರು ಸಿವೈಪಿ 2ಎ6. ಅದು ಯಾರಲ್ಲಿ ಎಷ್ಟು ಚುರುಕಾಗಿರುತ್ತೆ ಅನ್ನುವುದನ್ನು ಬಹುಮಟ್ಟಿಗೆ ಅವರ ಜೀನ್‌ಗಳೇ ತೀರ್ಮಾನ ಮಾಡುತ್ತವೆ.

ಕಿಣ್ವ ಚುರುಕಾಗಿದ್ದವರಲ್ಲಿ ನಿಕೋಟಿನ್ ಬೇಗ ಖಾಲಿಯಾಗುತ್ತೆ, ಮುಂದಿನ ಸಿಗರೇಟಿಗೆ ಕರೆ ಬೇಗ ಬರುತ್ತೆ. ಬಿಡಲು ಹೋದಾಗ ಇವರಿಗೆ ಕಷ್ಟ ಹೆಚ್ಚು. ನಿಧಾನವಾಗಿರುವವರಿಗೆ ಅದೇ ಒಂದು ಸಿಗರೇಟು ಹೆಚ್ಚು ಹೊತ್ತು ಬಾಳಿಕೆ ಬರುತ್ತೆ. ಹೆಂಗಸರಲ್ಲಿ ಈ ಕೆಲಸ ಸರಾಸರಿ ಗಂಡಸರಿಗಿಂತ ವೇಗ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಗರ್ಭಿಣಿಯಾಗಿದ್ದರೆ ಇನ್ನೂ ವೇಗ. ಅಂದಮೇಲೆ ‘ಅವನಿಗೆ ಆಯ್ತು, ನಿನಗ್ಯಾಕೆ ಆಗಲ್ಲ?’ ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಲಿವರ್‌ನಲ್ಲೇ ಇದೆ.

ನಿಮ್ಮದು ಯಾವ ಬಗೆ ಅಂತ ಅಂದಾಜು ಮಾಡಲು ಲ್ಯಾಬ್ ಬೇಕಿಲ್ಲ. ವೈದ್ಯರು ಬಳಸುವ ಫಾಗರ್‌ಸ್ಟ್ರಾಮ್ ಪರೀಕ್ಷೆಯಲ್ಲಿ 6 ಪ್ರಶ್ನೆಗಳಿವೆ. ಅದರಲ್ಲಿ ತುಂಬಾ ತೂಕದ್ದು ಒಂದು: ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ಸಿಗರೇಟು? 5 ನಿಮಿಷದೊಳಗೆ ಅಂದರೆ ಅತಿ ಹೆಚ್ಚು ಅಂಕ. ಅರ್ಧ ಗಂಟೆಯೊಳಗೆ ಅಂದರೂ ದೇಹ ಸಾಕಷ್ಟು ಅವಲಂಬಿಸಿದೆ ಅಂತಲೇ ಅರ್ಥ. ಮಧ್ಯಾಹ್ನ ಊಟ ಆಗುವವರೆಗೂ ನೆನಪೇ ಆಗಲ್ಲ ಅನ್ನುವವರ ತುಡಿತದ ಬೇರು ಬೇರೆ ಕಡೆ ಇರುತ್ತೆ.

ವಿಮಾನ ಇಳಿಯುವ ಹೊತ್ತಿಗೆ

ಆ ಬೇರೆ ಕಡೆ ಎಲ್ಲಿ ಅಂತ ತೋರಿಸಿದ ಒಂದು ಸೊಗಸಾದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಟೆಲ್ ಅವೀವ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ರೂವೆನ್ ದಾರ್ ಮತ್ತು ಸಂಗಡಿಗರು ಸಿಗರೇಟು ಸೇದುವ ವಿಮಾನ ಸಿಬ್ಬಂದಿಯನ್ನು ಗಮನಿಸಿದರು. ಯುರೋಪಿನ ಕಡೆಗೆ ಹೋಗುವ ಸಣ್ಣ ಹಾರಾಟದಲ್ಲೂ ಅಮೆರಿಕದ ಕಡೆಗೆ ಹೋಗುವ ಉದ್ದದ ಹಾರಾಟದಲ್ಲೂ ತುಡಿತ ಎಷ್ಟಿದೆ ಅಂತ ಅವರಿಂದಲೇ ಆಗಾಗ ಬರೆಸಿದರು. ವಿಮಾನದಲ್ಲಿ ಸೇದುವ ಹಾಗಿಲ್ಲ. ಎಲ್ಲಾ ನಿಕೋಟಿನ್‌ನದೇ ಆಟ ಆಗಿದ್ದರೆ, ಹೊತ್ತು ಹೋದಷ್ಟೂ ತುಡಿತ ಒಂದೇ ಸಮ ಏರಬೇಕಿತ್ತು.

ಆದದ್ದು ಹಾಗಲ್ಲ. ಸಣ್ಣ ಹಾರಾಟದ ಕೊನೆಯಲ್ಲಿ ತುಡಿತ ಜೋರಾಗಿತ್ತು. ಉದ್ದದ ಹಾರಾಟದಲ್ಲಿ ಅಷ್ಟೇ ಗಂಟೆ ಕಳೆದಾಗ, ಇನ್ನೂ ಆಕಾಶದ ಮಧ್ಯೆ ಇದ್ದಾಗ, ಅಷ್ಟು ಇರಲಿಲ್ಲ. ಅದು ಏರಿದ್ದು ಇಳಿಯುವ ಸಮಯ ಹತ್ತಿರ ಬಂದಾಗ. ಕೊನೆಯ ಸಿಗರೇಟು ಸೇದಿ ಎಷ್ಟು ಹೊತ್ತಾಯಿತು ಅನ್ನುವುದಕ್ಕಿಂತ, ಮುಂದಿನದು ಎಷ್ಟು ಹೊತ್ತಿಗೆ ಸಿಗುತ್ತೆ ಅನ್ನುವುದೇ ಹೆಚ್ಚು ಲೆಕ್ಕಕ್ಕೆ ಬಂದಿತ್ತು.

ಇದನ್ನು ನಂಬಲು ವಿಮಾನ ಹತ್ತಬೇಕಿಲ್ಲ. ನಮ್ಮ ಬೀದಿಯಲ್ಲೇ ಅಯ್ಯಪ್ಪ ಮಾಲೆ ಹಾಕುವವರನ್ನು ನೋಡಿ. ದಿನಕ್ಕೊಂದು ಪ್ಯಾಕ್ ಮುಗಿಸುತ್ತಿದ್ದವರು ಎಷ್ಟೋ ಮಂದಿ ಮಾಲೆ ಬಿದ್ದ ದಿನವೇ ನಿಲ್ಲಿಸುತ್ತಾರೆ. 41 ದಿನ ಮುಟ್ಟುವುದಿಲ್ಲ. ನಸುಕಿನಲ್ಲೇ ತಣ್ಣೀರು ಸ್ನಾನ, ಬೇರೆ ದಿನಚರಿ, ಜೊತೆಗೆ ಉಳಿದ ಸ್ವಾಮಿಗಳು. ‘ಬಾರೋ, ಒಂದು ಹೊಡೆಯೋಣ’ ಅಂತ ಕರೆಯುವ ಗೆಳೆಯನೂ ಆ ದಿನಗಳಲ್ಲಿ ‘ಸ್ವಾಮಿ’ ಅಂತ ದೂರ ನಿಲ್ಲುತ್ತಾನೆ. ಸಿಗುತ್ತೋ ಇಲ್ಲವೋ ಅನ್ನುವ ಪ್ರಶ್ನೆಯೇ ಇಲ್ಲ, ಬಾಗಿಲು ಮುಚ್ಚಿದೆ. ಆದರೆ ಮಾಲೆ ತೆಗೆದ ದಿನ? ದೇಹದಲ್ಲಿ ನಿಕೋಟಿನ್‌ನ ಸುಳಿವೂ ಇರುವುದಿಲ್ಲ, ಆದರೂ ಕೆಲವರ ಕೈ ನೇರ ಗೂಡಂಗಡಿಗೆ ಹೋಗುತ್ತೆ. 41 ದಿನ ಇರಬಲ್ಲ ಮನುಷ್ಯನಿಗೆ ಮನೋಬಲ ಇಲ್ಲ ಅನ್ನಲು ಸಾಧ್ಯವೇ? ಬಾಗಿಲು ಮತ್ತೆ ತೆರೆದುಕೊಂಡಾಗ ಏನು ಮಾಡಬೇಕು ಅಂತ ಯೋಚಿಸಿರಲಿಲ್ಲ, ಅಷ್ಟೆ.

ನಿಮ್ಮ ತುಡಿತದ ವಿಳಾಸ ಯಾವುದು?

ಒಂದೇ ಆಫೀಸಿನಲ್ಲಿ, ದಿನಕ್ಕೆ ಅಷ್ಟೇ ಸಿಗರೇಟು ಸೇದುವ ನಾಲ್ಕು ಜನರನ್ನು ಊಹಿಸಿಕೊಳ್ಳಿ. ಒಬ್ಬರಿಗೆ ಎದ್ದ ತಕ್ಷಣ ಬೇಕು, ಇಲ್ಲದಿದ್ದರೆ ಕೈ ಓಡಲ್ಲ, ಸಣ್ಣ ಮಾತಿಗೂ ರೇಗುತ್ತಾರೆ. ಇದು ದೇಹದ ತುಡಿತ. ಇನ್ನೊಬ್ಬರಿಗೆ ಟೀ ಲೋಟ ಕೈಗೆ ಬಂದರೆ ಮಾತ್ರ ಇನ್ನೊಂದು ಕೈ ಖಾಲಿ ಅನ್ನಿಸುತ್ತೆ. ಇದು ಅಭ್ಯಾಸದ್ದು. ಮೂರನೆಯವರಿಗೆ ಮ್ಯಾನೇಜರ್ ಮೆಸೇಜ್, ಮನೆಯ ಇಎಂಐ, ಜಗಳವಾದ ರಾತ್ರಿ. ಇದು ಭಾವನೆಯದ್ದು. ನಾಲ್ಕನೆಯವರಿಗೆ ಒಂಟಿಯಾಗಿದ್ದಾಗ ಬೇಕೆನಿಸುವುದೇ ಇಲ್ಲ. ಶುಕ್ರವಾರ ಸಂಜೆ ನಾಲ್ಕು ಜನ ಸೇರಿದರೆ ತಡೆಯಲಾಗದು. ಇದು ಸಹವಾಸದ್ದು.

ಬಹಳಷ್ಟು ಜನರಲ್ಲಿ ಈ ನಾಲ್ಕೂ ಸ್ವಲ್ಪ ಸ್ವಲ್ಪ ಬೆರೆತಿರುತ್ತೆ. ಹಾಗಾಗಿ ಬಿಡುವ ದಿನಾಂಕ ಗೊತ್ತು ಮಾಡುವ ಮೊದಲು ಮೂರು ದಿನ ಒಂದು ಕೆಲಸ ಮಾಡಿ. ಪ್ರತಿ ಸಿಗರೇಟು ಹಚ್ಚುವ ಮೊದಲು ಫೋನಿನಲ್ಲಿ ನಾಲ್ಕು ಪದ ಟೈಪ್ ಮಾಡಿ: ಎಷ್ಟು ಹೊತ್ತು, ಎಲ್ಲಿ, ಯಾರ ಜೊತೆ, ಮನಸ್ಸು ಹೇಗಿತ್ತು. ಮೂರು ದಿನದ ಪಟ್ಟಿ ಓದಿದರೆ ನಿಮ್ಮ ತುಡಿತದ ವಿಳಾಸ ಸಿಗುತ್ತೆ.

ಬೇನೆಗೆ ತಕ್ಕ ಮದ್ದು

ದೇಹದ ತುಡಿತ ಜೋರಿದ್ದವರು ಬರಿಗೈಯಲ್ಲಿ ಹೋರಾಡುವ ಅಗತ್ಯವಿಲ್ಲ. ನಿಕೋಟಿನ್ ಗಮ್, ಪ್ಯಾಚ್ ಇರುವುದೇ ಅವರಿಗಾಗಿ. ಗಮ್ 2 ಮತ್ತು 4 ಮಿಲಿಗ್ರಾಂನಲ್ಲಿ ಬರುತ್ತೆ. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ ಸಾಮಾನ್ಯವಾಗಿ 4 ಹೇಳುತ್ತಾರೆ. ತುಂಬಾ ಜನ ಅದನ್ನು ಮಾಮೂಲಿ ಚೂಯಿಂಗ್ ಗಮ್ ಥರ ಅಗಿದು, ಬಿಕ್ಕಳಿಕೆ ಬಂದು, ‘ಇದು ನಂಗೆ ಆಗಲ್ಲ’ ಅಂತ ಎಸೆಯುತ್ತಾರೆ. ಅದನ್ನು ನಿಧಾನ ಅಗಿದು, ನಾಲಿಗೆ ಚುರುಗುಟ್ಟಿದ ಕೂಡಲೇ ಕೆನ್ನೆಗೂ ಒಸಡಿಗೂ ನಡುವೆ ಇಟ್ಟುಕೊಳ್ಳಬೇಕು, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅಗಿಯಬೇಕು. ಕಾಫಿ, ಜ್ಯೂಸ್ ಕುಡಿದ 15 ನಿಮಿಷ ಬಿಟ್ಟು ತೆಗೆದುಕೊಳ್ಳಿ, ಇಲ್ಲದಿದ್ದರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ವೈದ್ಯರ ಚೀಟಿಯ ಮೇಲೆ ಸಿಗುವ ವರೆನಿಕ್ಲಿನ್, ಬುಪ್ರೊಪಿಯಾನ್ ಮಾತ್ರೆಗಳೂ ಇವೆ. ಗರ್ಭಿಣಿಯರು, ಹೃದಯದ ತೊಂದರೆ ಇರುವವರು ಗಮ್‌ಗೂ ಮೊದಲು ವೈದ್ಯರನ್ನು ಕೇಳಲೇಬೇಕು. ಇ-ಸಿಗರೇಟಿನ ದಾರಿ ನಮ್ಮಲ್ಲಿ 2019ರಿಂದ ಕಾನೂನುಬಾಹಿರ.

ಅಭ್ಯಾಸದ ತುಡಿತಕ್ಕೆ ಗಮ್ ಅಷ್ಟು ನೆರವಾಗದು, ಜಾಗ ಬದಲಾಗಬೇಕು. ಟೀ ಅಂಗಡಿ ಬಿಟ್ಟು ಪ್ಯಾಂಟ್ರಿಯಲ್ಲಿ ಟೀ, ಊಟ ಆದ ಮೇಲೆ ಗೇಟಿನ ಕಡೆ ಬದಲು ಮೆಟ್ಟಿಲ ಕಡೆ. ಭಾವನೆಯದ್ದಾದರೆ ಸಿಗರೇಟು ಮಾಡುತ್ತಿದ್ದ ಕೆಲಸವನ್ನು ಬೇರೆ ಏನಾದರೂ ಮಾಡಬೇಕು: ಐದು ನಿಮಿಷ ಹೊರಗೆ ಹೋಗಿ ದೀರ್ಘ ಉಸಿರು, ಒಬ್ಬರಿಗೆ ಫೋನ್. ಸಹವಾಸದ್ದಾದರೆ ಮೊದಲ ಕೆಲವು ವಾರ ಆ ಶುಕ್ರವಾರಗಳನ್ನು ತಪ್ಪಿಸಿ, ಅಥವಾ ಗ್ಯಾಂಗಿಗೆ ಮೊದಲೇ ಹೇಳಿಬಿಡಿ: ‘ನಂಗೆ ಕೊಡಬೇಡಿ, ಕೇಳಿದ್ರೂ ಕೊಡಬೇಡಿ.’

ಕಾಫಿಯ ಕಳ್ಳಾಟ

ಬೆಂಗಳೂರು, ಮೈಸೂರಿನ ಫಿಲ್ಟರ್ ಕಾಫಿ ಪ್ರಿಯರಿಗೆ ಒಂದು ಎಚ್ಚರಿಕೆ. ಸಿಗರೇಟಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಕೆಫೀನ್ ಕರಗಿಸುವ ಲಿವರ್ ಕಿಣ್ವವನ್ನು ಚುರುಕು ಮಾಡಿರುತ್ತವೆ. ಸೇದುವುದು ನಿಂತಾಗ ಆ ಚುರುಕೂ ಕೆಲವೇ ದಿನಗಳಲ್ಲಿ ಇಳಿಯುತ್ತೆ. ಕಾಫಿ ಎಂದಿನಷ್ಟೇ ಕುಡಿದರೂ ರಕ್ತದಲ್ಲಿ ಕೆಫೀನ್ ಹೆಚ್ಚು ಹೊತ್ತು ಉಳಿಯುತ್ತೆ. ನಿದ್ದೆ ಬರಲ್ಲ, ಎದೆ ಡವಗುಟ್ಟುತ್ತೆ, ಕಿರಿಕಿರಿ. ‘ಸಿಗರೇಟು ಬಿಟ್ಟದ್ದಕ್ಕೇ ಹೀಗೆ’ ಅಂತ ಅಂದುಕೊಳ್ಳುತ್ತೀರಿ. ದಿನಕ್ಕೆ ನಾಲ್ಕೈದು ಲೋಟ ಕುಡಿಯುವವರು ಬಿಡುವ ವಾರದಲ್ಲಿ ಅದನ್ನು ಅರ್ಧಕ್ಕೆ ಇಳಿಸಿ ನೋಡಿ. ಸಂಜೆ ಮೇಲೆ ಬೇಡವೇ ಬೇಡ.

ಎಷ್ಟು ದಿನ ಈ ಪಾಡು?

ಸಾಮಾನ್ಯವಾಗಿ ಮೊದಲ 2–3 ದಿನ ಶಿಖರ. ಸಿಟ್ಟು, ಹಸಿವು, ಚಡಪಡಿಕೆ, ಗಮನ ನಿಲ್ಲದಿರುವುದು 2ರಿಂದ 4 ವಾರದಲ್ಲಿ ಹೆಚ್ಚಿನವರಿಗೆ ತಗ್ಗುತ್ತೆ. ಒಂದೊಂದು ಅಲೆಯೂ ಕೆಲವೇ ನಿಮಿಷದ್ದು. ಗಡಿಯಾರ ನೋಡಿಕೊಂಡು ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಇಳಿಯಲು ಶುರುವಾಗಿರುತ್ತೆ. ಆದರೆ ಕೆಲವರಿಗೆ ಆರು ತಿಂಗಳು ಕಳೆದ ಮೇಲೂ, ಗೋಕರ್ಣದ ಟ್ರಿಪ್ಪಿನಲ್ಲೋ ಗೆಳೆಯನ ಮದುವೆಯ ಹಿಂದಿನ ರಾತ್ರಿಯೋ ಇದ್ದಕ್ಕಿದ್ದಂತೆ ಒಂದು ಅಲೆ ಏಳುತ್ತೆ. ಅದು ಹಳೇ ಜಾಗದ ನೆನಪು. ಬಂದಷ್ಟೇ ಬೇಗ ಹೋಗುತ್ತೆ. ಬೇಸರ, ಖಿನ್ನತೆ ವಾರಗಟ್ಟಲೆ ಬಿಡದಿದ್ದರೆ ಮಾತ್ರ ಅದನ್ನು ತುಡಿತದ ಲೆಕ್ಕಕ್ಕೆ ಹಾಕದೆ ವೈದ್ಯರ ಬಳಿ ಹೋಗಿ.

ಮಧ್ಯೆ ಒಂದು ಸೇದಿಬಿಟ್ಟರೆ? ‘ಮುಗೀತು, ಎಲ್ಲಾ ಹೋಯ್ತು’ ಅನ್ನುವ ಮಾತು ಆ ಒಂದು ಸಿಗರೇಟಿಗಿಂತ ಹೆಚ್ಚು ಹಾನಿ ಮಾಡುತ್ತೆ. ಹೆಚ್ಚಿನವರು ಪೂರ್ತಿ ಬಿಡುವುದು ಹಲವು ಪ್ರಯತ್ನಗಳ ನಂತರವೇ. ಆ ಸಿಗರೇಟನ್ನೂ ಪಟ್ಟಿಗೆ ಸೇರಿಸಿ: ಎಷ್ಟು ಹೊತ್ತು, ಎಲ್ಲಿ, ಯಾರ ಜೊತೆ, ಮನಸ್ಸು ಹೇಗಿತ್ತು.

ಮನೆಯವರಿಗೆ ಎರಡು ಮಾತು

ಅಂಗಿ ಮೂಸಿ ನೋಡುವುದು, ‘ಮಕ್ಕಳ ಮೇಲೆ ಆಣೆ ಮಾಡು’ ಅನ್ನುವುದು, ದೊಡ್ಡಪ್ಪ ಹೇಗೆ ಬಿಟ್ಟರು ಅಂತ ಮೂರನೇ ಸಲ ಹೇಳುವುದು, ಇವು ಯಾವುವೂ ಕೆಲಸ ಮಾಡುವುದಿಲ್ಲ. ‘ದಿನದಲ್ಲಿ ಯಾವ ಹೊತ್ತು ಕಷ್ಟ?’ ಅಂತ ಕೇಳಿ. ಊಟವಾದ ಮೇಲೆ ಅಂದರೆ ಆ ಹತ್ತು ನಿಮಿಷ ಜೊತೆಗೆ ಒಂದು ಸುತ್ತು ನಡೆಯಿರಿ. ಮೊದಲ ವಾರದ ಸಿಟ್ಟನ್ನು ಜ್ವರದ ಬಡಬಡಿಕೆ ಅಂದುಕೊಂಡು ಬಿಟ್ಟುಬಿಡಿ. ಸೇದುವವರು ಸೊಸೆಯೋ ಮಗಳೋ ಆಗಿದ್ದರೆ ಈ ಸಹನೆ ಇನ್ನೂ ಮುಖ್ಯ. ಮುಚ್ಚಿಟ್ಟುಕೊಂಡು ಸೇದುವವರು ಸಹಾಯವನ್ನೂ ಮುಚ್ಚಿಟ್ಟುಕೊಂಡು ಕೇಳಬೇಕಾಗುತ್ತೆ.

ಸಹಾಯ ಕೇಳಲು ಒಂದು ಉಚಿತ ನಂಬರ್ ಇದೆ: 1800-11-2356. ಇದು ರಾಷ್ಟ್ರೀಯ ಕ್ವಿಟ್‌ಲೈನ್. ದಕ್ಷಿಣದ ಭಾಷೆಗಳ ಕರೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡಬಹುದು. 2018ರಿಂದ ಈ ನಂಬರ್ ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿ ಬರುತ್ತಿದೆ. ಕರ್ನಾಟಕದಲ್ಲಿ ಬಿಡಿ ಸಿಗರೇಟು ಮಾರಾಟ 2017ರಲ್ಲೇ ನಿಷೇಧವಾಗಿದ್ದರೂ ನಮ್ಮಲ್ಲಿ ಎಷ್ಟೋ ಜನ ಇನ್ನೂ ಒಂದೊಂದೇ ಕೊಳ್ಳುತ್ತಾರೆ, ಹಾಗಾಗಿ ಆ ನಂಬರ್ ಅವರ ಕಣ್ಣಿಗೇ ಬಿದ್ದಿರುವುದಿಲ್ಲ. ಈಗಲೇ ಸೇವ್ ಮಾಡಿಟ್ಟುಕೊಳ್ಳಿ. ಕರೆ ಮಾಡುವಾಗ ಮೂರು ದಿನದ ಪಟ್ಟಿ ಕೈಯಲ್ಲಿರಲಿ. ಆ ಕಡೆಯವರು ಕೇಳುವುದು ನಿಮ್ಮ ಗೆಳೆಯ ಹೇಗೆ ಬಿಟ್ಟ ಅಂತ ಅಲ್ಲ, ನೀವು ಯಾವಾಗ, ಯಾಕೆ ಸೇದುತ್ತೀರಿ ಅಂತ.